ಡೀಸೆಲ್ ವಿಘಟನೆಯ ಪ್ರಯೋಗ: ಆಲ್ಜಿನೇಟ್ ಮಣಿಗಳು ನಾಲ್ಕೇ ದಿನದಲ್ಲಿ ಕರಗುತ್ತಿವೆ

ಪ್ರಶ್ನೆ:
ನಮಸ್ಕಾರ. ನೀರಿನಲ್ಲಿ ಬೆರೆತ ಡೀಸೆಲನ್ನು ವಿಘಟಿಸುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ತಳಿಯೊಂದನ್ನು ಶೇ 3ರ ಸೋಡಿಯಂ ಆಲ್ಜಿನೇಟ್ (ಕಡಲಕಳೆಯಿಂದ ತೆಗೆಯುವ, ಜೆಲ್ ಆಗುವ ವಸ್ತು) ದ್ರಾವಣದಲ್ಲಿ ಕಲಸಿ, 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿಹನಿಯಾಗಿ ಬಿಟ್ಟು, ಸುಮಾರು 4 ಮಿಲಿಮೀಟರ್ ವ್ಯಾಸದ ಮಣಿಗಳನ್ನು ಮಾಡಿಕೊಂಡಿದ್ದೇನೆ. ಶೇ 1ರಷ್ಟು ಡೀಸೆಲ್ ಸೇರಿಸಿದ ಬುಶ್ನೆಲ್-ಹಾಸ್ ಮಾಧ್ಯಮದಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಲವಣ ದ್ರಾವಣ) ಇವನ್ನು ಹಾಕಿ ಶೇಕರ್ ಮೇಲಿಟ್ಟರೆ, ಎರಡನೆಯ ದಿನ ಉಬ್ಬುತ್ತವೆ, ನಾಲ್ಕನೆಯ ದಿನ ಲೋಳೆಯಾಗಿ ಹರಡಿಕೊಳ್ಳುತ್ತವೆ. ಮಾಧ್ಯಮವೂ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ಆಲ್ಜಿನೇಟನ್ನು ಶೇ 4ಕ್ಕೆ ಏರಿಸಿದಾಗ ಕರಗುವುದು ಒಂದು ದಿನ ತಡವಾಯಿತು, ಅಷ್ಟೇ. ಬ್ಯಾಕ್ಟೀರಿಯಾವೇ ಮಣಿಯನ್ನು ತಿನ್ನುತ್ತಿರಬಹುದೇ?

ಉತ್ತರ:
ಬ್ಯಾಕ್ಟೀರಿಯಾ ಇಲ್ಲದ ಖಾಲಿ ಮಣಿಗಳನ್ನು ಅದೇ ಮಾಧ್ಯಮದಲ್ಲಿಟ್ಟು ನೋಡಿ. ಅವೂ ಕರಗಿದರೆ ನಿಮ್ಮ ತಳಿ ನಿರಪರಾಧಿ. ನನ್ನ ಅನುಮಾನವಿರುವುದು ಫಾಸ್ಫೇಟ್ ಮೇಲೆ. ಆಲ್ಜಿನೇಟ್ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವುದು ಕ್ಯಾಲ್ಸಿಯಂ. ಬುಶ್ನೆಲ್-ಹಾಸ್ ಮಾಧ್ಯಮದ ಒಂದು ಲೀಟರಿನಲ್ಲಿ ಎರಡು ಬಗೆಯ ಪೊಟ್ಯಾಸಿಯಂ ಫಾಸ್ಫೇಟ್ ತಲಾ 1 ಗ್ರಾಂ ಇದ್ದರೆ, ಕ್ಯಾಲ್ಸಿಯಂ ಕ್ಲೋರೈಡ್ ಇರುವುದು 0.02 ಗ್ರಾಂ ಮಾತ್ರ. ಹೀಗಾಗಿ ಫಾಸ್ಫೇಟ್ ಮಣಿಯೊಳಗಿನ ಕ್ಯಾಲ್ಸಿಯಂ ಅನ್ನೇ ಸೆಳೆದುಕೊಂಡು ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಒತ್ತರಿಸುತ್ತದೆ (ಕರಗದ ಬಿಳಿ ಕಣಗಳಾಗಿ ಬೇರ್ಪಡುತ್ತದೆ), ಪೊಟ್ಯಾಸಿಯಂ ಆ ತೆರವಾದ ಜಾಗಕ್ಕೆ ಸೇರಿಕೊಳ್ಳುತ್ತದೆ. ನೀವು ಕಂಡ ಬಿಳುಪು ಬಹುಪಾಲು ಆ ಒತ್ತರವೇ ಇರಬೇಕು.

ಇಷ್ಟೊಂದು ಫಾಸ್ಫೇಟ್ ನಿಮಗೆ ಬೇಕಾಗಿಯೂ ಇಲ್ಲ. ಶೇ 1 ಡೀಸೆಲ್ ಎಂದರೆ ಲೀಟರಿಗೆ ಸುಮಾರು 7 ಗ್ರಾಂ ಇಂಗಾಲ. ಇಂಗಾಲ, ಸಾರಜನಕ, ರಂಜಕಗಳಿಗೆ ರೂಢಿಯಲ್ಲಿರುವ 100:10:1ರ ಲೆಕ್ಕದಲ್ಲಿ 70 ಮಿಲಿಗ್ರಾಂ ರಂಜಕ ಸಾಕು, ಈಗಿರುವುದು 400ರ ಆಸುಪಾಸು. ಫಾಸ್ಫೇಟನ್ನು ಐದನೆಯ ಒಂದು ಭಾಗಕ್ಕೆ ಇಳಿಸಿ, ಕುಗ್ಗಿದ ಬಫರ್ ಬಲವನ್ನು (ಪಿಎಚ್ ಬದಲಾಗದಂತೆ ತಡೆಯುವ ಶಕ್ತಿ) ಮಾಪ್ಸ್ ಎಂಬ ಫಾಸ್ಫೇಟ್ ಇಲ್ಲದ ಬಫರ್‌ನಿಂದ ತುಂಬಿಕೊಂಡು ಪಿಎಚ್ 7ರ ಬಳಿ ನಿಲ್ಲಿಸಿ. ಮಣಿಗಳನ್ನು ತೊಳೆಯಲು ಫಾಸ್ಫೇಟ್ ಬಫರ್ ಅಥವಾ ಸಿಟ್ರೇಟ್ ಬೇಡವೇ ಬೇಡ, ಸಿಟ್ರೇಟ್ ಸಹ ಕ್ಯಾಲ್ಸಿಯಂ ಅನ್ನು ಸೆಳೆದು ಮಣಿಯನ್ನು ಕರಗಿಸುತ್ತದೆ.

ಪ್ರಶ್ನೆ ಕೇಳಿದವರು:
ಖಾಲಿ ಮಣಿಗಳೂ ಕರಗಿದವು. ತಾವು ಹೇಳಿದಂತೆ ಮಾಧ್ಯಮ ಬದಲಿಸಿದ ಮೇಲೆ ಮಣಿಗಳು 12 ದಿನವಾದರೂ ಗಟ್ಟಿಯಾಗಿವೆ. ನೀರಿನಲ್ಲಿನ ಡೀಸೆಲ್ ಸಹ ಮೊದಲ ದಿನವೇ ಗಣನೀಯವಾಗಿ ಇಳಿದಿದೆ!

ಇನ್ನೊಬ್ಬ ಸದಸ್ಯರು:
ಮೊದಲ ದಿನವೇ ಇಳಿದದ್ದು ನನಗೆ ಸಂತೋಷಕ್ಕಿಂತ ಸಂಶಯವನ್ನೇ ತರುತ್ತದೆ. ಡೀಸೆಲಿನ ಹಗುರ ಅಂಶಗಳು ಆವಿಯಾಗುತ್ತವೆ, ಉಳಿದವು ಮಣಿಗೆ ಅಂಟಿಕೊಳ್ಳುತ್ತವೆ. ಇವೆರಡನ್ನೂ ವಿಘಟನೆ ಎಂದು ಎಣಿಸಲಾಗದು. ಮೊದಲೇ ಕಾಯಿಸಿ ಕೊಂದ ಕೋಶಗಳ ಮಣಿಗಳನ್ನು ಜೊತೆಗೊಂದು ಫ್ಲಾಸ್ಕ್‌ನಲ್ಲಿಡಿ. ಕೊನೆಯಲ್ಲಿ ಎರಡೂ ಫ್ಲಾಸ್ಕ್‌ಗಳ ಮಣಿಗಳನ್ನು ಸಿಟ್ರೇಟ್‌ನಲ್ಲಿ ಕರಗಿಸಿ (ಮೇಲೆ ನಿಷೇಧಿಸಿದ ಸಿಟ್ರೇಟ್ ಇಲ್ಲಿ ಉಪಕಾರಿ), ಹೆಕ್ಸೇನ್ ಎಂಬ ದ್ರಾವಕದಿಂದ ಡೀಸೆಲ್ ಹೊರತೆಗೆದು ಅಳೆಯಿರಿ. ಮಣಿಯ ಗಾತ್ರವನ್ನೂ 2 ಮಿಲಿಮೀಟರಿಗೆ ಇಳಿಸಿದರೆ ಒಳ್ಳೆಯದು. ಈ ಬ್ಯಾಕ್ಟೀರಿಯಾ ಡೀಸೆಲಿನ ಹೈಡ್ರೋಕಾರ್ಬನ್ ಮುರಿಯುವ ಮೊದಲ ಹೆಜ್ಜೆಗೇ ಆಮ್ಲಜನಕ ಬೇಕು. ಕೋಶಗಳು ದಟ್ಟವಾಗಿರುವ ದೊಡ್ಡ ಮಣಿಯಲ್ಲಿ ಅದು ಹೊರಪದರ ದಾಟುವುದರೊಳಗೆ ಮುಗಿದುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಸತ್ತ ಕೋಶಗಳ ಫ್ಲಾಸ್ಕ್‌ನಲ್ಲಿಯೂ ಮೊದಲ ದಿನದ ಇಳಿಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ವ್ಯತ್ಯಾಸ ಕಾಣಿಸಿಕೊಂಡದ್ದು ಐದನೆಯ ದಿನದಿಂದ. ಸಣ್ಣ ಸೂಜಿ ಬಳಸಿ ಹೊಸ ಮಣಿಗಳನ್ನು ಮಾಡುತ್ತಿದ್ದೇನೆ.