ಅಪ್ಪನ ಕಾಲಿನ ಹುಣ್ಣಿಗೆ ಆಕ್ಸಿಜನ್ ಚೇಂಬರ್: ಹೋಗಿ ಬಂದವರು ಅನುಭವ ಹೇಳಿ

ಬೆಣ್ಣೆದೋಸೆ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ, ಹಳೇ ಶುಗರ್. ಹಿಮ್ಮಡಿಯಲ್ಲಿ ಹುಣ್ಣು, ಸೋಂಕು ಮೂಳೆಗೂ ಇಳಿದಿದೆ ಅಂತಾರೆ. ಬೆಂಗಳೂರಿನಲ್ಲಿ ಎಚ್‌ಬಿಒಟಿ (ಒತ್ತಡ ಹೆಚ್ಚಿಸಿದ ಚೇಂಬರಿನಲ್ಲಿ ಶುದ್ಧ ಆಕ್ಸಿಜನ್ ಕೊಡುವ ಚಿಕಿತ್ಸೆ) 30 ಸಿಟ್ಟಿಂಗ್ ಮಾಡಿಸಿ ಎಂದು ಸರ್ಜನ್ ಬರೆದುಕೊಟ್ಟಿದ್ದಾರೆ. ಒಳಗೆ ಏನಾಗುತ್ತದೆ? ಅಪ್ಪನಿಗೆ ಲಿಫ್ಟಿನಲ್ಲೇ ಉಸಿರು ಕಟ್ಟಿದ ಹಾಗಾಗುತ್ತದೆ. ದಯವಿಟ್ಟು ತಿಳಿದವರು ಹೇಳಿ.

ಮೈಸೂರಮ್ಮ:
ಮಾಡಿಸಿ, ಯೋಚನೆ ಮಾಡಬೇಡಿ. ನಮ್ಮವರಿಗೆ ನಾಲಿಗೆ ಕ್ಯಾನ್ಸರಿಗೆ ರೇಡಿಯೇಷನ್ ಆಗಿತ್ತು. ವರ್ಷಗಳಾದ ಮೇಲೆ ಕೆಳದವಡೆಯ ಹಲ್ಲು ಕೀಳಿಸಬೇಕಾಯಿತು. ರೇಡಿಯೇಷನ್ ತಿಂದ ಮೂಳೆಗೆ ರಕ್ತ ಸರಿಯಾಗಿ ಹೋಗಲ್ಲ, ಕಿತ್ತ ಜಾಗ ಮಾಯದೆ ಮೂಳೆಯೇ ಸಾಯಬಹುದು ಎಂದರು. ಕೀಳುವ ಮೊದಲು 20, ಕಿತ್ತ ಮೇಲೆ 10 ಸಿಟ್ಟಿಂಗ್. ಒಂದಕ್ಕೆ 3,500 ರೂಪಾಯಿ, ಅಲ್ಲಿಗೆ 1,05,000 ಆಯ್ತಲ್ವಾ? ಅದರ ಮೇಲೆ ಬೆಂಗಳೂರಿನಲ್ಲಿ ರೂಮು, ಎರಡೂ ಹೊತ್ತು ಆಟೋ, ಹಲ್ಲಿನ ಡಾಕ್ಟರ ಫೀಸು ಬೇರೆ. ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಟಿಪಿಎಯವರು ಒಂದು ಪೈಸೆ ಕೊಡಲಿಲ್ಲ. ರಾತ್ರಿ ಆಸ್ಪತ್ರೆಯಲ್ಲಿ ತಂಗಿಲ್ಲ, ಇದು ಓಪಿಡಿ ಅಂತೆ.

ನಮ್ಮವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚದೆ ಮನೆ ಬಿಟ್ಟವರೇ ಅಲ್ಲ. ಮೊದಲ ದಿನ ಟೆಕ್ನೀಷಿಯನ್ ಹುಡುಗಿ ಬಗ್ಗಿ ತಲೆ ಮೂಸಿ ನೋಡಿ, ಶಾಂಪೂ ಹಾಕಿ ತೊಳೆದುಕೊಂಡು ಬನ್ನಿ ಎಂದಳು. ಶುದ್ಧ ಆಕ್ಸಿಜನ್ನಿನಲ್ಲಿ ಎಣ್ಣೆಗೆ ಬೆಂಕಿ ಹತ್ತುವುದು ಸುಲಭ. ವ್ಯಾಸಲೀನ್, ಸೆಂಟು, ಮೊಬೈಲು, ಕಿವಿಯ ಮಷೀನು, ಪಾಲಿಯೆಸ್ಟರ್ ಪಂಚೆ ಎಲ್ಲಾ ಹೊರಗೇ. ಅವರೇ ಕೊಟ್ಟ ಕಾಟನ್ ಗೌನ್ ಹಾಕಿಸಿ, ಕರೆಂಟಿನ ಕಿಡಿ ಹುಟ್ಟದಿರಲಿ ಅಂತ ಮಣಿಕಟ್ಟಿಗೆ ಒಂದು ವೈರಿನ ಪಟ್ಟಿ ಕಟ್ಟಿ ಗಾಜಿನಂಥ ಕೊಳವೆಯೊಳಗೆ ಮಲಗಿಸಿದರು. ಈಗ ವಸಡು ಪೂರ್ತಿ ಮುಚ್ಚಿದೆ. ಚಕ್ಕುಲಿ ತಿನ್ನುತ್ತಾರೆ.

ಬಲಗಿವಿ:
ನಿಮಗೆ ಚಕ್ಕುಲಿ ಸಿಕ್ಕಿತು ಮೇಡಂ, ನನಗೆ ಬರೀ ಬಿಲ್ಲು ಸಿಕ್ಕಿತು. ಬೆಳಿಗ್ಗೆ ಎದ್ದರೆ ಬಲಗಿವಿ ಬಂದ್. ಮೊದಲು ನೋಡಿದ ಡಾಕ್ಟರು ಗುಗ್ಗೆ ಎಂದು ಡ್ರಾಪ್ಸ್ ಕೊಟ್ಟು ಕಳಿಸಿದರು. ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಆಡಿಯೋಗ್ರಾಮ್ ಆಗುವಷ್ಟರಲ್ಲಿ ವಾರ ಕಳೆದಿತ್ತು. ಇದ್ದಕ್ಕಿದ್ದಂತೆ ಕಿವಿ ಹೋದರೆ ಸ್ಟೀರಾಯ್ಡ್ ಜೊತೆಗೆ ಎರಡು ವಾರದೊಳಗೆ ಚೇಂಬರ್ ಶುರು ಮಾಡಿದರೆ ಒಳ್ಳೆಯದು ಅಂತ ನನಗೆ ಹೇಳಿದ್ದು ಎರಡನೇ ಡಾಕ್ಟರು.

ಒಳಗೆ ಗಾಳಿ ತುಂಬುವಾಗ ಮೊದಲ ಹತ್ತು ಹದಿನೈದು ನಿಮಿಷ ಕಿವಿ ಮೇಲೆ ಒತ್ತಡ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಬೇಕು, ಇಲ್ಲಾ ಎಂಜಲು ನುಂಗುತ್ತಿರಬೇಕು. ನನಗೆ ಆಗಲೇ ಇಲ್ಲ. ಕಿವಿಪರದೆ ಕೆಂಪಾಗಿ ಊದಿಕೊಂಡಿತು. ಅದಕ್ಕೆ ಗ್ರಾಮೆಟ್ ಅಂತ ಸಣ್ಣ ನಳಿಕೆ ಹಾಕಿದರು, 18,000. ಸಿಟ್ಟಿಂಗ್‌ಗೆ 5,000. ಇಷ್ಟಾಗಿ ಕಿವಿ ಸುಧಾರಿಸಿದ್ದು ಬರೀ ಹತ್ತು ಡೆಸಿಬಲ್. ಕುಂಯ್ ಅನ್ನೋ ಸದ್ದು ಈಗಲೂ ಇದೆ.

ಇನ್ನೊಂದು ಯಾರೂ ಹೇಳಲ್ಲ. ಕೊನೆಕೊನೆಗೆ ದೂರದ್ದು ಮಸುಕಾಯಿತು, ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ. ಅಂಗಡಿಯವನು ಖುಷಿಯಿಂದ 4,200ಕ್ಕೆ ಕನ್ನಡಕ ಮಾಡಿಕೊಟ್ಟ. ಎರಡು ತಿಂಗಳಲ್ಲಿ ಕಣ್ಣು ತಾನೇ ಸರಿಹೋಯಿತು. ಆಕ್ಸಿಜನ್‌ನಿಂದ ಹಾಗಾಗುತ್ತದಂತೆ, ಸಾಮಾನ್ಯವಂತೆ! ಮೊದಲೇ ಹೇಳೋಕೆ ಏನು ಕಷ್ಟ?

ಮೈಸೂರಮ್ಮ:
ಕಿವಿ ಬೇರೆ, ಮೂಳೆ ಬೇರೆ. ನಿಮಗೆ ಆಗಲಿಲ್ಲ ಅಂತ ಅವರನ್ನು ಯಾಕೆ ಹೆದರಿಸುತ್ತೀರಿ?

ಹುಬ್ಬಳ್ಳಿ ಮಂದಿ:
ನಾ ಒಬ್ಬನೇ ಇಲ್ಲಿ ಶುಗರ್ ಕಾಲಿನವ ಅನ್ನಿಸುತ್ತದೆ. ನನಗೂ ಬರೆದುಕೊಟ್ಟಿದ್ದರು, ನಾನು ಹೋಗಲಿಲ್ಲ. ಎರಡು ಬೆರಳು ತೆಗೆಸಿದೆ, ಕಾಲು ಉಳೀತು. ಮೊದಲು ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಆಮೇಲೆ ಆಂಜಿಯೋಗ್ರಾಮ್, ಮೊಣಕಾಲ ಕೆಳಗಿನ ನಾಳ ಬಲೂನ್ ಹಾಕಿ ಬಿಡಿಸಿದರು: 1,60,000. ಬಳಿಕ ಹುಣ್ಣಿನ ಮೇಲೆ ಭಾರ ಬೀಳಬಾರದು ಅಂತ ಪ್ಲಾಸ್ಟರ್ ಬೂಟು. ವಾರಕ್ಕೊಮ್ಮೆ ಬಿಚ್ಚಿ ಕಟ್ಟಲು 1,800. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ, ಅದೂ ಸೋರುತ್ತಿತ್ತು. ಬೇಸಿಗೆಯಲ್ಲಿ ಒಳಗೆ ತುರಿಕೆ ಬಂದು ಹೆಂಡತಿಯ ಹೆಣಿಗೆ ಕಡ್ಡಿ ತೂರಿಸಿದೆ. ನೀವು ತೂರಿಸಬೇಡಿ, ಚರ್ಮ ಹರಿದರೆ ಇನ್ನೊಂದು ಹುಣ್ಣು.

ನಾಳವೇ ಮುಚ್ಚಿದ್ದರೆ ಆಕ್ಸಿಜನ್ ಹೊತ್ತ ರಕ್ತ ಅಲ್ಲಿಗೆ ಹೋಗೋದಾದರೂ ಹ್ಯಾಂಗ್ರೀ? ನೆದರ್ಲೆಂಡ್ಸ್‌ನಲ್ಲಿ ಇಂಥ 120 ಜನರ ಮೇಲೆ ನೋಡಿದ್ದಾರೆ, 2018ರಲ್ಲಿ ಫಲಿತಾಂಶ ಬಂತು. ಚೇಂಬರಿಗೆ ಹೋದ ಗುಂಪಿನಲ್ಲಿ ಕಾಲು ಉಳಿದದ್ದು ಹೇಳಿಕೊಳ್ಳುವಷ್ಟು ಜಾಸ್ತಿ ಇರಲಿಲ್ಲ. ಲಕ್ಷ ಹಾಕುವ ಮೊದಲು ಓದಿ.

ಮಾಜಿ ನಾವಿಕ, ಕಾರವಾರ:
ನೀವೂ ಪೂರ್ತಿ ಓದಿ ಸಾರ್. ಅದೇ ಅಧ್ಯಯನದಲ್ಲಿ ಎಷ್ಟೋ ಜನ ಸಿಟ್ಟಿಂಗ್ ಅರ್ಧಕ್ಕೇ ಬಿಟ್ಟರು. ಮುಗಿಸಿದವರಲ್ಲಿ ಕಾಲು ಕತ್ತರಿಸಿದ್ದು ಕಡಿಮೆ.

ನೌಕಾಪಡೆಯಲ್ಲಿದ್ದಾಗ ಚೇಂಬರ್ ನಡೆಸಿದವನು ನಾನು. ನಮಗೆ ಅದು ಮುಳುಗುಗಾರರಿಗೆ. ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಸಾರಜನಕ ಗುಳ್ಳೆಯಾಗುತ್ತದೆ. ಗೋಲಿ ಸೋಡಾ ಬಾಟಲಿ ಒತ್ತಿದ ಕೂಡಲೇ ನೊರೆ ಬರುತ್ತಲ್ಲ, ಹಾಗೆ. ಒತ್ತಡ ಹೆಚ್ಚಿಸಿದರೆ ಗುಳ್ಳೆ ಕುಗ್ಗಿ ಮತ್ತೆ ಕರಗುತ್ತದೆ. ನಿಮ್ಮ ಚಿಕಿತ್ಸೆಗೂ ಅದೇ ನಿಯಮ. ಮಾಮೂಲಿ ಗಾಳಿ ಉಸಿರಾಡುವಾಗ 100 ಎಂಎಲ್ ರಕ್ತದ ನೀರಿನಂಶದಲ್ಲಿ ಕರಗಿರುವ ಆಕ್ಸಿಜನ್ ಬರೀ 0.3 ಎಂಎಲ್, ಉಳಿದದ್ದನ್ನು ಹಿಮೋಗ್ಲೋಬಿನ್ ಹೊರುತ್ತದೆ. ಹೊರಗಿನ ಗಾಳಿಯ ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಅದು ಸುಮಾರು 6 ಎಂಎಲ್‌ಗೆ ಏರುತ್ತದೆ. ಸುಮ್ಮನೆ ಮಲಗಿರುವ ದೇಹಕ್ಕೆ ಅಷ್ಟೇ ಸಾಕು. ಗಾಯಕ್ಕೆ ಸಾಮಾನ್ಯವಾಗಿ 2ರಿಂದ 2.5 ಪಟ್ಟು ಇಡುತ್ತಾರೆ. 2.4 ಎಂದರೆ ಸಮುದ್ರದಲ್ಲಿ 14 ಮೀಟರ್ ಆಳ. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದವರಿಗೆ ಅಂದಾಜು ಸಿಗುತ್ತದೆ.

ಆಕ್ಸಿಜನ್ ಜಾಸ್ತಿಯಾದರೆ ಅಪರೂಪಕ್ಕೆ ಫಿಟ್ಸ್ ಬರುತ್ತದೆ, ಅದಕ್ಕೇ ನಡುನಡುವೆ ಐದು ನಿಮಿಷ ಮಾಮೂಲಿ ಗಾಳಿ ಕೊಡುವುದು. ಶ್ವಾಸಕೋಶದಿಂದ ಎದೆಯೊಳಗೆ ಗಾಳಿ ಸೋರಿದ್ದರೆ ಒಳಗೆ ಬಿಡಲೇಬಾರದು, ಎಕ್ಸ್‌ರೇ ಕೇಳಿ. ನೆಗಡಿಯಿದ್ದ ದಿನ ಹೋಗಬಾರದು. ಚೇಂಬರಿನೊಳಗೆ ಇದ್ದಾಗ ಶುಗರ್ ಕಡಿಮೆಯಾಗುತ್ತದೆ. ಚುಚ್ಚಿ ನೋಡದೆ ಮಲಗಿಸುವ ಜಾಗವಾದರೆ ವಾಪಸ್ ಬನ್ನಿ. ಹತ್ತು ಜನ ಕೂತು ಮಾಸ್ಕ್ ಹಾಕಿಕೊಳ್ಳುವ ದೊಡ್ಡ ಚೇಂಬರ್ ಕೂಡ ಇರುತ್ತದೆ, ಲಿಫ್ಟಿಗೆ ಹೆದರುವವರಿಗೆ ಅದೇ ವಾಸಿ.

ಪುಟ್ಟನ ಅಮ್ಮ:
ಅಷ್ಟು ದೂರ ಯಾಕೆ ಅಣ್ಣ? ಮನೆಯಲ್ಲೇ ಇಡಬಹುದು. ಮಗನಿಗೆ ಆಟಿಸಂ, ಜಿಪ್ ಇರುವ ಬ್ಯಾಗ್ ಚೇಂಬರ್ ತರಿಸಿದೆವು. 2,80,000, ಕಸ್ಟಮ್ಸ್ 61,000, ಕಂಪ್ರೆಸರ್ ಕೆಟ್ಟಾಗ ರಿಪೇರಿಗೆ 14,500. ಈಗ ನಿದ್ದೆ ಚೆನ್ನಾಗಿದೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಬೇಕಾದರೆ ತಿಂಗಳ ಬಾಡಿಗೆಗೆ ಕೊಡುತ್ತೇವೆ.

ಮಾಜಿ ನಾವಿಕ, ಕಾರವಾರ:
ಬಾಡಿಗೆಗೆ ಕೊಡಬೇಡಿ ಅಮ್ಮ. ಆ ಬ್ಯಾಗು ಏರುವುದು 1.3 ಪಟ್ಟಿಗೆ. ಮೂಳೆಯ ಸೋಂಕಿಗೆ ಅದು ಯಾವುದಕ್ಕೂ ಸಾಲದು. ಆಟಿಸಂಗೆ ಎಚ್‌ಬಿಒಟಿ ಕೆಲಸ ಮಾಡುತ್ತದೆಂದು ಸಾಬೀತಾಗಿಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆಯನ್ನೂ ಕೊಟ್ಟಿದೆ. 2025ರ ಜನವರಿಯಲ್ಲಿ ಮಿಷಿಗನ್‌ನ ಟ್ರಾಯ್‌ನಲ್ಲಿ ಚೇಂಬರಿಗೆ ಬೆಂಕಿ ಬಿದ್ದು ಐದು ವರ್ಷದ ಮಗು ಸತ್ತಿತು.

ಪುಟ್ಟನ ಅಮ್ಮ:
ಅದು ಗಟ್ಟಿ ಚೇಂಬರ್, ನಮ್ಮದು ಬ್ಯಾಗು. ಗೊತ್ತಿಲ್ಲದೆ ಮಾತಾಡಬೇಡಿ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದಿದ್ದರೆ ಆಗ ನೋಡಬೇಕಿತ್ತು ನಿಮ್ಮ ಎಫ್‌ಡಿಎ ಎಲ್ಲಾ.

ಬಲಗಿವಿ:
ಕಾಲಿನ ಹುಣ್ಣು ಕೇಳಿದವರಿಗೆ ಬ್ಯಾಗು ಮಾರೋದು ಅಂದ್ರೆ ಏನು ಹೇಳಬೇಕು!

ಪುಟ್ಟನ ಅಮ್ಮ:
ಹುಣ್ಣು ಕೇಳಿದವರಿಗೆ ಕನ್ನಡಕದ ಕಥೆ ಹೇಳಿದವರು ನೀವು.

ಬೆಣ್ಣೆದೋಸೆ, ದಾವಣಗೆರೆ:
ದಯವಿಟ್ಟು ಜಗಳ ಬೇಡ. ಡಾಪ್ಲರ್ ಇನ್ನೂ ಮಾಡಿಸಿಲ್ಲ. ಮೊದಲು ಅದೇನಾ?

ಹುಬ್ಬಳ್ಳಿ ಮಂದಿ:
ಅದೇ ಮೊದಲು. ಆ ರಿಪೋರ್ಟ್ ಇಲ್ಲದೆ 30 ಬರೆದದ್ದೇ ಹೇಗೆ ಅಂತ ಸರ್ಜನ್‌ಗೆ ಕೇಳಿ.

ಮೈಸೂರಮ್ಮ:
ಅಲ್ಲ, ಎರಡು ಬೆರಳು ಕಳಕೊಂಡವರು ಚೇಂಬರ್ ಬೇಡ ಅಂತ ಪಾಠ ಹೇಳೋದಾ? ಹೋಗಿದ್ದರೆ ಬೆರಳೂ ಉಳಿಯುತ್ತಿತ್ತೇನೋ.

ಹುಬ್ಬಳ್ಳಿ ಮಂದಿ:
ಬೆರಳು ನಂದು, ಲೆಕ್ಕಾನೂ ನಂದು ಅಕ್ಕಾರ. ನಿಮ್ಮ ಹಲ್ಲಿನ 20-10 ಲೆಕ್ಕವೂ ಹಳೇದು. ರೇಡಿಯೇಷನ್ ಆದವರ ಕೆಳದವಡೆ ಹಲ್ಲು ಕೀಳುವಾಗ ಚೇಂಬರ್ ಕೊಟ್ಟರೂ ಕೊಡದಿದ್ದರೂ ವ್ಯತ್ಯಾಸ ಕಾಣಲಿಲ್ಲ ಅಂತ ಬ್ರಿಟನ್‌ನವರ ಟ್ರಯಲ್ 2019ರಲ್ಲೇ ಹೇಳಿದೆ.

ಮೈಸೂರಮ್ಮ:
ಬ್ರಿಟನ್‌ನವರು ಬಂದು ನಮ್ಮವರ ಬಾಯಿ ನೋಡಲಿ.

ಮಾಜಿ ನಾವಿಕ, ಕಾರವಾರ:
ಅದೇ 2019ರಲ್ಲಿ ಯುರೋಪಿನ ಇನ್ನೊಂದು ಟ್ರಯಲ್‌ನಲ್ಲಿ ರೇಡಿಯೇಷನ್ನಿಂದ ಮೂತ್ರಕೋಶ ಕೆಟ್ಟವರಿಗೆ ಲಾಭ ಕಂಡಿದೆ. ಕಾಯಿಲೆ ನೋಡಿ ಮಾತಾಡಬೇಕು, ಎಲ್ಲಕ್ಕೂ ಒಂದೇ ಅಳತೆ ಹಿಡಿದರೆ ಹೇಗೆ?

ಹುಬ್ಬಳ್ಳಿ ಮಂದಿ:
ನೋಡೇ ಹೇಳಿದ್ದು. ಅಕ್ಕಾರ, ಸಿಟ್ಟು ಬ್ಯಾಡ, ಟಿಪಿಎ ಮೇಲೆ ತಿರುಗಿಸಿ. ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಬರೆದಿರಾ? ಅವರೂ ಒಪ್ಪದಿದ್ದರೆ ಒಂದು ವರ್ಷದೊಳಗೆ ಇನ್ಶೂರೆನ್ಸ್ ತಕರಾರು ಬಗೆಹರಿಸುವ ಓಂಬುಡ್ಸ್‌ಮನ್‌ಗೆ ಹಾಕಬಹುದು, ಫೀಸಿಲ್ಲ, ವಕೀಲರೂ ಬೇಡ.

ಮೈಸೂರಮ್ಮ:
ರಸೀದಿಯಲ್ಲಿ ಬರೀ 'ಥೆರಪಿ ಚಾರ್ಜ್' ಅಂತ ಬರೆದುಕೊಟ್ಟಿದ್ದಾರೆ. ಅದು ನಡೆಯುತ್ತದಾ?

ಬಲಗಿವಿ:
ನನಗೂ ಹಾಗೇ ಕೊಟ್ಟರು, ಕೇಳಿದ್ದಕ್ಕೆ ಸಾಫ್ಟ್‌ವೇರ್‌ನಲ್ಲಿ ಇರೋದೇ ಅಷ್ಟು ಎಂದರು.

ಹುಬ್ಬಳ್ಳಿ ಮಂದಿ:
ಲೆಟರ್‌ಹೆಡ್ ಮೇಲೆ ಸಿಟ್ಟಿಂಗ್ ತಾರೀಖು, ಕಾಯಿಲೆಯ ಹೆಸರು, ಡಾಕ್ಟರ ಸಹಿ ಹಾಕಿಸಿ. ದಾವಣಗೆರೆಯವರೇ, ನೀವು ಮಾಡಿಸೋದೇ ಆದರೆ ಇದನ್ನು ಮೊದಲ ದಿನವೇ ಕೇಳಿ. ಕೊನೇ ದಿನ ಕೇಳಿದರೆ ಕೌಂಟರಿನವರು ಮುಖ ಎತ್ತಿಯೂ ನೋಡಲ್ಲ.