‘ಲೈಕ್‌ನೆಸ್’ಗೆ ಹೋಲಿಕೆಯೋ, ಚಹರೆಯೋ?

ಗೆಳೆಯರೇ, ‘ಲೈಕ್‌ನೆಸ್’ (ನೋಡಿದ ಕೂಡಲೇ ಇಂಥವರೇ ಅಂತ ಗುರುತಾಗುವ ರೂಪ) ಅನ್ನುವ ಇಂಗ್ಲಿಷ್ ಪದದ ಹತ್ತಿರ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಡಬ್ಬಿಂಗ್ ಮಾಡುವ ಗೆಳತಿಯೊಬ್ಬಳಿಗೆ ಅಮೆರಿಕದ ಟೆನೆಸೀ ರಾಜ್ಯದ ಕಾನೂನೊಂದನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಎಲ್ವಿಸ್ ಆ್ಯಕ್ಟ್ ಅನ್ನುತ್ತಾರೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಒಬ್ಬರ ದನಿಯನ್ನು ಅವರನ್ನು ಕೇಳದೆ ಎಐನಿಂದ ತಯಾರಿಸಿ ಬಳಸೋದಕ್ಕೆ ತಡೆ ಅದು. ಕಾಪಾಡಬೇಕಾದ್ದು ನಾಲ್ಕು: ಹೆಸರು, ಫೋಟೊ, ದನಿ, ಲೈಕ್‌ನೆಸ್. ಮೊದಲ ಮೂರು ಸಲೀಸು.

ನಾಲ್ಕನೆಯದಕ್ಕೆ ಮೊದಲು ‘ಹೋಲಿಕೆ’ ಅಂತ ಬರೆದೆ. ಆದರೆ ಹೋಲಿಕೆಗೆ ಇಬ್ಬರು ಬೇಕಲ್ವಾ? ‘ಮಗು ಸೋದರಮಾವನ ಹೋಲಿಕೆ’ ಅಂತೀವಿ. ‘ನನ್ನ ಹೋಲಿಕೆಯ ಮೇಲೆ ನನಗೆ ಹಕ್ಕಿದೆ’ ಅಂದರೆ ಅಕ್ಕನ ಮಗನ ಮುಖವೂ ನನ್ನದೇ ಅಂದ ಹಾಗಾಯ್ತು! ‘ಚಿತ್ರ’ ಅನ್ನೋಣ ಅಂದರೆ ಫೋಟೊ ಆಗಲೇ ಬೇರೆ ಇದೆ. ‘ಪ್ರತಿರೂಪ’ ಅಂದರೆ ಅದೇ ಒಂದು ನಕಲು.

ಆಮೇಲೆ ಪೇಪರಿನಲ್ಲಿ ಪೊಲೀಸರು ಹಾಕಿಸುವ ‘ಕಾಣೆಯಾಗಿದ್ದಾರೆ’ ಪ್ರಕಟಣೆ ನೆನಪಾಯ್ತು. ‘ಚಹರೆ: ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ, ತೆಲುಗು ಮಾತನಾಡುತ್ತಾರೆ.’ ಚಹರೆ ಅಂದರೆ ಮೂಲದಲ್ಲಿ ಮುಖ ಅಷ್ಟೇ, ಪಾರಸಿಯಿಂದ ಬಂದದ್ದು. ನಮ್ಮಲ್ಲಿ ಅದು ಇಂಥವರೇ ಅಂತ ಗುರುತು ಹಿಡಿಯೋದಕ್ಕೆ ಬೇಕಾದ ಎಲ್ಲವನ್ನೂ ಒಳಗೆ ಹಾಕಿಕೊಂಡುಬಿಟ್ಟಿದೆ. ನನಗಂತೂ ಇದೇ ಹಿಡಿಸಿತು.

ಒಂದು ಕಡೆ ಮಾತ್ರ ಸಾಲದು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹಿಂದಿ ನಟ ಅನಿಲ್ ಕಪೂರ್ ಪರವಾಗಿ ಕೊಟ್ಟ ಮಧ್ಯಂತರ ಆದೇಶದಲ್ಲಿ, ಅವರನ್ನು ಕೇಳದೆ ಬಳಸಬಾರದ್ದರ ಪಟ್ಟಿಗೆ ಅವರ ಮುಖ, ದನಿಯ ಜೊತೆಗೆ ಸಿನಿಮಾದಲ್ಲಿ ಅವರು ಹೇಳುವ ‘ಝಕಾಸ್’ ಅನ್ನುವ ಮಾತೂ ಸೇರಿತ್ತು. ಅದು ಚಹರೆ ಅಲ್ಲ. ಮಾತಿನ ವರಸೆ ಅನ್ನಬಹುದೇನೋ.

ಇನ್ನೊಂದು ತೊಡಕು. ‘ನಕಲು’ ಮತ್ತು ‘ನಕಲಿ’. ತಾಲ್ಲೂಕು ಕಚೇರಿಯಲ್ಲಿ ದುಡ್ಡು ಕಟ್ಟಿ ತರುವ ನಕಲಿಗೆ ಸೀಲು ಇರುತ್ತದೆ, ಅದು ತಪ್ಪಲ್ಲ. ನಕಲಿ ನೋಟು ತಪ್ಪು. (ನೋಡಿ, ವಿಭಕ್ತಿ ಹತ್ತಿದ ಕೂಡಲೇ ಎರಡೂ ಒಂದೇ ಥರ ಕಾಣುತ್ತವೆ, ‘ನಕಲಿಗೆ’!) ಟೆನೆಸೀ ಕಾನೂನಿನಲ್ಲಿ ದನಿ ಅಂದರೆ ಅಸಲಿಯಾದರೂ ಸರಿ, ತಯಾರಿಸಿದ್ದಾದರೂ ಸರಿ, ಕೇಳಿದ ಕೂಡಲೇ ಯಾರದ್ದು ಅಂತ ಗೊತ್ತಾಗುವಂಥದ್ದು. ಆ ತಯಾರಿಸಿದ್ದಕ್ಕೆ ‘ನಕಲಿ ದನಿ’ ಅಂದರೆ ಒಪ್ಪಿಗೆ ಪಡೆದು ಮಾಡಿದ್ದನ್ನೂ ಬೈದಂತಾಗುತ್ತದೆ. ‘ಅಣಕು ದನಿ’ ಅಂದರೆ ಮಿಮಿಕ್ರಿಯವರು ಸುಮ್ನೆ ಸಿಕ್ಕಿಬೀಳುತ್ತಾರೆ. ಸದ್ಯಕ್ಕೆ ‘ಪಡಿದನಿ’ ಅಂತ ಬರೆದಿಟ್ಟಿದ್ದೇನೆ. ಗೆಳತಿ ಓದಿ, ‘ಇದು ಎಕೋ ಅಲ್ವಾ?’ ಅಂದಳು.

ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.