ಬ್ರೆಡ್ ಟಿನ್ ಇಲ್ಲದೆ ಮನೆಯಲ್ಲೇ ಬ್ರೆಡ್ ಮಾಡಿದವರು ಅನುಭವ ಹೇಳಿ

ಹೊಸಗೈ: ಚಿಕ್ಕ ಓವನ್ ಇದೆ. ಬ್ರೆಡ್ ಟಿನ್, ಬೇಕಿಂಗ್ ಕಲ್ಲು ಏನೂ ಇಲ್ಲ, ಕೊಳ್ಳುವ ಮನಸ್ಸೂ ಇಲ್ಲ. ಇರುವ ಪಾತ್ರೆಯಲ್ಲೇ ಆಗುತ್ತಾ?

ದಪ್ಪತಳ: ಮುಚ್ಚಳವಿರುವ ಎರಕದ ಕಬ್ಬಿಣದ ಪಾತ್ರೆ ಬಿಟ್ಟು ಬೇರೆ ಯಾವುದನ್ನೂ ನಾನು ಮುಟ್ಟಲ್ಲ. ಖಾಲಿ ಪಾತ್ರೆ 230 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಬೇಕು. ಹಿಟ್ಟು ಇಳಿಸಿ ಮುಚ್ಚಿ 20 ನಿಮಿಷ, ಮುಚ್ಚಳ ತೆಗೆದು ಇನ್ನೂ 20. ಹಿಟ್ಟಿನಿಂದ ಎದ್ದ ಹಬೆ ಒಳಗೇ ನಿಲ್ಲುತ್ತೆ, ಮೇಲ್ಪದರ ಬೇಗ ಗಟ್ಟಿಯಾಗಲ್ಲ, ಹಾಗಾಗಿ ಚೆನ್ನಾಗಿ ಉಬ್ಬುತ್ತೆ. ಆದರೆ ಈ ಹದ ಸಿಗೋವರೆಗೆ ಪಟ್ಟ ಪಾಡು ನನಗೇ ಗೊತ್ತು. ಮುಚ್ಚಳದ ಪ್ಲಾಸ್ಟಿಕ್ ಹಿಡಿ ಕರಗಿ ಮನೆಯೆಲ್ಲ ವಾಸನೆ. ಬಿಚ್ಚಿ ಸ್ಟೀಲ್ ಬೋಲ್ಟು, ನಟ್ಟು ಹಾಕಿಸಿದೆ. ಆಮೇಲೆ ತಳ ಕರಕಲು. ಕೆಳಗಿನ ಅಂತಸ್ತಿನಲ್ಲಿ ಖಾಲಿ ತಟ್ಟೆ ಇಟ್ಟ ಮೇಲೇ ಅದು ನಿಂತಿದ್ದು.

ಬರಿತಟ್ಟೆ: ಅಷ್ಟು ಭಾರದ ಪಾತ್ರೆ ಎಲ್ಲರ ಮನೆಯಲ್ಲಿ ಇರುತ್ತಾ? ಅದೂ ದುಡ್ಡು ಕೊಟ್ಟು ತಂದದ್ದೇ ತಾನೆ? ನನ್ನದು ಓವನ್ ಜೊತೆ ಬಂದ ತಟ್ಟೆ. ಬೋರಲು ಹಾಕಿ ಕಾಯಿಸಿ, ಅದರ ಮೇಲೆ ಹಿಟ್ಟಿನುಂಡೆ ಇಟ್ಟು, ದೊಡ್ಡ ಸ್ಟೀಲ್ ಬೋಗುಣಿ ಕವುಚ್ತೀನಿ. ಹಬೆಗೆ ಅಷ್ಟು ಸಾಕು. ನೀರಿನದ್ದೇ ತೊಂದರೆ. ಅರ್ಧ ಕಿಲೋ ಮೈದಾಕ್ಕೆ 375 ಮಿಲಿ ಅಂತ ಯಾರೋ ಹೇಳಿದ್ದನ್ನು ನಂಬಿ ಎಷ್ಟು ಹಿಟ್ಟು ದಂಡವಾಯ್ತು! ಆಸರೆ ಇಲ್ಲದ ಹಿಟ್ಟು ಹರಡದೆ ಇನ್ನೇನು ಮಾಡುತ್ತೆ? 310ಕ್ಕೆ ಇಳಿಸಿದೆ, ಈಗ ಗುಂಡಗೆ ನಿಲ್ಲುತ್ತೆ.

ದಪ್ಪತಳ: 310 ಹಾಕಿದರೆ ಒಳಗೆ ದೊಡ್ಡ ತೂತು ಬರಲ್ಲ. ಅದನ್ನೂ ಹೇಳಿ.

ಬರಿತಟ್ಟೆ: ನಮ್ಮನೆ ಮಕ್ಕಳು ಜಾಮ್ ಹಚ್ಚಿ ತಿಂತಾರೆ. ತೂತಲ್ಲಿ ಸೋರಿಹೋಗೋ ಬ್ರೆಡ್ ನಮಗೆ ಬೇಡ.

ಸಣ್ಣುರಿ: ಓವನ್ನೇ ಇಲ್ಲದ ನನ್ನ ಕತೆ ಕೇಳಿ. ಕುಕ್ಕರಿನ ಗ್ಯಾಸ್ಕೆಟ್, ವಿಸಿಲ್ ಎರಡೂ ತೆಗೆದು, ಒಳಗೆ ಸ್ಟ್ಯಾಂಡ್, ಅದರ ಮೇಲೆ ಎಣ್ಣೆ ಸವರಿದ ಸ್ಟೀಲ್ ಡಬ್ಬಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ದಾಟುತ್ತೆ. ಮೇಲ್ಭಾಗ ಬೆಳ್ಳಗೇ ಉಳಿಯುತ್ತೆ, ಕಾವಲಿ ಮೇಲೆ ಕವುಚಿ ಕೆಂಪು ಮಾಡ್ಕೋತೀನಿ. ಮೆತ್ತಗಿನ ಬ್ರೆಡ್ಡಿಗೆ ಇದನ್ನು ಮೀರಿಸಿದ್ದಿಲ್ಲ.

ದಪ್ಪತಳ: ನೀರಿಲ್ಲದೆ ಕುಕ್ಕರ್ ಕಾಯಿಸಬೇಡಿ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತೆ. ತಳ ಸೊಟ್ಟಗಾಗುತ್ತೆ. ಹೊಸಬರಿಗೆ ಇದನ್ನು ಕಲಿಸ್ತೀರಾ?

ಸಣ್ಣುರಿ: ಅಡುಗೆಗೆ ಬೇರೆ ಕುಕ್ಕರ್ ಇದೆ ಸ್ವಾಮಿ. ಇದು ಹಳೇದು, ಬ್ರೆಡ್ಡಿಗಂತಲೇ ಇಟ್ಟಿದ್ದೀನಿ. ಖಾಲಿ ಓವನ್ ಅರ್ಧ ಗಂಟೆ ಉರಿಸುವವರು ನನಗೆ ಖರ್ಚು, ನಷ್ಟ ಹೇಳಬೇಡಿ.

ಗಾಜಿನಮನೆ: ಜಗಳದ ಮಧ್ಯೆ ಒಂದು ಮಾತು. ಬಿಸಿ ಗಾಜಿನ ಪಾತ್ರೆಗೆ ಹಬೆ ಬರಲಿ ಅಂತ ತಣ್ಣೀರು ಹಾಕಬೇಡಿ, ನನ್ನ ಓವನ್ ತುಂಬ ಚೂರು. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಕಾಯಿಸುವುದೂ ಬೇಡ; 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರುವಾಗುತ್ತೆ. ಬೆಂದಿದೆಯೋ ಇಲ್ಲವೋ ನೋಡಲು ಥರ್ಮಾಮೀಟರ್ ಚುಚ್ಚಿ: ನಡುವೆ 95 ಡಿಗ್ರಿ ಇರಬೇಕು.

ಬರಿತಟ್ಟೆ: ಟಿನ್ನೇ ಕೊಳ್ಳಲ್ಲ ಅಂದವರಿಗೆ ಥರ್ಮಾಮೀಟರ್ ಯಾಕೆ? ತಳ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ.

ಗಾಜಿನಮನೆ: ಸದ್ದು ನಂಬಿ ತೆಗೆದ ಬ್ರೆಡ್ಡಿನ ಹೊಟ್ಟೆ ಹಸಿಯಾಗಿತ್ತು. ನೆಂಟರೆದುರು ಕೊಯ್ದವಳು ನಾನು, ನೀವಲ್ಲ.

ಬರಿತಟ್ಟೆ: ಬಿಸಿಯಿದ್ದಾಗಲೇ ಕೊಯ್ದಿರಿ ತಾನೆ? ಒಂದು ಗಂಟೆ ಆರಲು ಬಿಡದಿದ್ದರೆ ಸರಿಯಾಗಿ ಬೆಂದದ್ದೂ ಅಂಟಂಟಾಗಿಯೇ ಇರುತ್ತೆ.